ವಂಚಿಸಿದವರೊಡನೆ ನಮ್ಮ ವರ್ತನೆ

(ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ಧ್ಯಾನಕೂಟದಲ್ಲಿ ವಿಚಾರಣಾ ಗುರುಗಳು ನೀಡಿದ ಪ್ರವಚನ)



ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ಕುರಿತು ಈ ವಾರ ಅನೇಕರು ಸವಿಮಾತುಗಳನ್ನಾಡಿದ್ದಾರೆ. ಅಷ್ಟೇನೂ ಸವಿಯಲ್ಲದ ವಿಷಯವೊಂದನ್ನು ಈ ಸಂಜೆ ನಾನು ಎತ್ತಿಕೊಳ್ಳಬೇಕಾಗಿದೆ. ಒಂದೇ ಬಲಿಪೀಠದಿಂದ ಪರಮಪ್ರಸಾದವನ್ನು ಸ್ವೀಕರಿಸುವ ಎಷ್ಟೋ ಮನೆತನಗಳು, ಬಲಿಪೂಜೆಯಲ್ಲಿ ಪರಸ್ಪರ ಶಾಂತಿಯನ್ನು ಕೋರುವ ಗಳಿಗೆ ಬಂದಾಗ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ. ವಿಚಾರಿಸಿದರೆ ಕಾರಣ ಧರ್ಮಸಿದ್ಧಾಂತದ ಭಿನ್ನಾಭಿಪ್ರಾಯವಲ್ಲ; ಮಗಳ ಮದುವೆಗೆಂದು ಪಡೆದು ಹಿಂದಿರುಗಿಸದ ಕೈಗಡ, ನಡುವೆಯೇ ಮುಳುಗಿದ ಚೀಟಿ, ಬಾಯಿಮಾತಿನಲ್ಲೇ ಮುಗಿದ ನಿವೇಶನದ ವ್ಯಾಪಾರ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ಗಾದೆಯನ್ನು ಗುರುಮನೆಯ ಜಗಲಿಯಲ್ಲಿ ನಾನು ಕೇಳಿದಷ್ಟು ಸಲ ಇನ್ನಾವ ಗಾದೆಯನ್ನೂ ಕೇಳಿಲ್ಲ.

ಹೀಗೆ ಬರುವವರ ಪ್ರಶ್ನೆ ಸಾಮಾನ್ಯವಾಗಿ ಒಂದೇ. “ಸ್ವಾಮಿ, ಲೆಕ್ಕವಿಡದೆ ಕ್ಷಮಿಸಬೇಕೆಂದು ನೀವೇ ಬೋಧಿಸುತ್ತೀರಿ. ಆತ ಮತ್ತೆ ಬಂದು ಕೈಚಾಚಿದರೆ ಮತ್ತೆ ಕೊಡಬೇಕೇ?” ಕೊಡಬೇಕಾಗಿಲ್ಲ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಪ್ರೀತಿ ಬೇರೆ, ನೆಚ್ಚಿಕೆ ಬೇರೆ. ಪ್ರೀತಿಯನ್ನು ಎಲ್ಲರಿಗೂ ಸಲ್ಲಿಸಬೇಕು. ನೆಚ್ಚಿಕೆಯನ್ನು ಪಡೆಯುವವನು ಗಳಿಸಿಕೊಳ್ಳಬೇಕು. ಜೆರುಸಲೇಮಿನಲ್ಲಿ ಪಾಸ್ಕ ಹಬ್ಬದ ದಿನಗಳಲ್ಲಿ ಅನೇಕರು ಪ್ರಭು ಯೇಸುವಿನ ಹೆಸರಿನಲ್ಲಿ ವಿಶ್ವಾಸವಿಟ್ಟರೂ, ಆತ ಮಾತ್ರ ಅವರ ವಶಕ್ಕೆ ತನ್ನನ್ನು ಒಪ್ಪಿಸಿಕೊಳ್ಳಲಿಲ್ಲವೆಂದು ಸಂತ ಯೊವಾನ್ನರು ತಮ್ಮ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ತಿಳಿಸುತ್ತಾರೆ. ಮಾನವನ ಅಂತರಂಗದಲ್ಲಿ ಏನಿದೆಯೆಂದು ಆತನಿಗೆ ತಿಳಿದಿತ್ತು. ಆ ಜನರಿಗಾಗಿಯೇ ಆತ ಪ್ರಾಣವನ್ನು ಕೊಟ್ಟ. ಆದರೂ ತನ್ನನ್ನು ಅವರ ಕೈಗೆ ಕೊಟ್ಟುಕೊಳ್ಳಲಿಲ್ಲ.

ಹಣದ ಚೀಲ ಯೂದ ಇಸ್ಕರಿಯೋತನ ಕೈಯಲ್ಲಿತ್ತಲ್ಲವೇ ಎಂದು ನಿಮ್ಮಲ್ಲಿ ಶುಭಸಂದೇಶವನ್ನು ಚೆನ್ನಾಗಿ ಬಲ್ಲವರು ಕೇಳಬಹುದು. ಹೌದು, ಇತ್ತು, ಅವನು ಅದರಿಂದ ಕದಿಯುತ್ತಿದ್ದನೆಂದೂ ಅದೇ ಯೊವಾನ್ನರು ಬರೆದಿದ್ದಾರೆ. ಆ ರಹಸ್ಯವನ್ನು ಬಿಡಿಸುವ ಶಕ್ತಿ ನನಗಿಲ್ಲ. ಆದರೆ ಸಂಸಾರಸ್ಥನಾದವನಿಗೆ ಮಕ್ಕಳ ಅನ್ನದ ಹಣವನ್ನು ಕಳ್ಳನೆಂದು ತಿಳಿದವನ ಕೈಗೆ ಹಾಕುವ ಹಕ್ಕಿಲ್ಲವೆಂಬುದಂತೂ ನನಗೆ ಸ್ಪಷ್ಟವಾಗಿದೆ.

ಈ ವಿಷಯದಲ್ಲಿ ನಮಗೆ ಒಳ್ಳೆಯ ಗುರುವೆಂದರೆ ತೋಬಿತ. ನಿನೆವೆಯಲ್ಲಿ ಸೆರೆವಾಸದಲ್ಲಿದ್ದರೂ ದಾನಧರ್ಮಗಳನ್ನು ಬಿಡದವನು. ಅನಾಥವಾಗಿ ಬಿದ್ದ ಶವಗಳನ್ನು ಪ್ರಾಣಭಯವನ್ನೂ ಲೆಕ್ಕಿಸದೆ ಹೂಳಿದವನು. ಇಂಥ ಉದಾರಿ, ಮೇದ್ಯ ದೇಶದಲ್ಲಿ ತನ್ನವನೇ ಆದ ಗಬಾಯೇಲನ ವಶದಲ್ಲಿ 10 ತಲಾಂತು ಬೆಳ್ಳಿಯನ್ನು ಇಡುವಾಗ ‘ನಮ್ಮವನೇ ತಾನೇ, ಬರಹವೇಕೆ?’ ಎನ್ನಲಿಲ್ಲ. ಇಬ್ಬರೂ ಪತ್ರಕ್ಕೆ ಸಹಿ ಹಾಕಿದರು. ಅದನ್ನು ಎರಡಾಗಿ ಮಾಡಿ ಒಬ್ಬೊಬ್ಬರು ಒಂದೊಂದು ಭಾಗವನ್ನು ಇಟ್ಟುಕೊಂಡರು. ಮುಂದೆ 20 ವರ್ಷಗಳ ಬಳಿಕ ಆ ಹಣವನ್ನು ತರಲು ಮಗನನ್ನು ಕಳುಹಿಸುವಾಗಲೂ, ಜೊತೆಗೆ ಹೋಗುವವನಿಗೆ ದಿನಕ್ಕೆ ಒಂದು ದ್ರಾಕ್ಮ ಕೂಲಿಯೆಂದು ಮೊದಲೇ ನಿಷ್ಕರ್ಷೆಯಾಯಿತು. ಹಾಗೆ ಕೂಲಿ ಗೊತ್ತುಮಾಡಿಸಿಕೊಂಡವನು ದೇವದೂತ ರಫಾಯೇಲ! ಆತನಿಗೆ ಅದರಿಂದ ಅವಮಾನವಾಗಲಿಲ್ಲ. ನಮ್ಮ ನೆಂಟರಿಗೆ ಮಾತ್ರ ಒಂದು ಕಾಗದ ಮುಂದಿಟ್ಟರೆ ಮುಖ ಊದಿಕೊಳ್ಳುತ್ತದೆ.

ಆದ್ದರಿಂದ ಬರೆಸಿಕೊಳ್ಳಿರಿ. ದಾಕ್ಷಿಣ್ಯಕ್ಕೆ ಸಿಕ್ಕಿ ವರ್ಷಗಟ್ಟಲೆ ಬಾಯಿಬಿಡದವರಿಗೆ ಇನ್ನೊಂದು ಮಾತು: 1963ರ ಕಾಲಮಿತಿ ಕಾಯ್ದೆಯಂತೆ, ಕೈಗಡವಾಗಿ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಕೊಟ್ಟ ದಿನದಿಂದ 3 ವರ್ಷಗಳೊಳಗೆ ದಾವೆ ಹೂಡಬೇಕು. ಆ ಅವಧಿಯೊಳಗೆ ಸಾಲಗಾರನು ಸಾಲವನ್ನು ಒಪ್ಪಿ ಬರೆದು ಸಹಿ ಮಾಡಿದರೆ ಅಂದಿನಿಂದ ಹೊಸ ಎಣಿಕೆ. ಸಾಲ ಪಡೆದವರು ಇದನ್ನು ಕೇಳಿ ಹಿಗ್ಗಬೇಕಾಗಿಲ್ಲ. ನ್ಯಾಯಾಲಯದ ಗಡುವು ಮನಸ್ಸಾಕ್ಷಿಗೆ ಅನ್ವಯಿಸುವುದಿಲ್ಲ. ಪಾಪನಿವೇದನೆ ಮಾಡಿ ಪ್ರಾಯಶ್ಚಿತ್ತದ ಜಪಗಳನ್ನು ಮುಗಿಸಿದೊಡನೆ ಪರರ ಹಣ ನಮ್ಮದಾಗುವುದಿಲ್ಲ. ಶಕ್ತಿಯಿದ್ದವನು ಅದನ್ನು ಹಿಂದಿರುಗಿಸಲೇಬೇಕು. ಜಕ್ಕಾಯನು ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ನಾವು ಒಂದರಷ್ಟಾದರೂ ಕೊಡೋಣ.

ಇನ್ನು ಎಚ್ಚರಿಕೆಯ ಮತ್ತೊಂದು ಮುಖವಿದೆ. ಇದೇ ತೋಬಿತ ಕುರುಡನಾದ ಮೇಲೆ ಅವನ ಹೆಂಡತಿ ಅನ್ನಾ ನೇಯ್ಗೆಯ ಕೂಲಿಯಿಂದ ಮನೆ ನಡೆಸುತ್ತಿದ್ದಳು. ಒಡೆಯರು ಸಂತೋಷಪಟ್ಟು ಕೂಲಿಯ ಜೊತೆಗೆ ಆಡಿನ ಮರಿಯೊಂದನ್ನು ಕೊಟ್ಟರು. ಮರಿಯ ಕೂಗು ಕೇಳಿದ ತೋಬಿತ ಅದು ಕದ್ದ ಮಾಲೆಂದು ತೀರ್ಮಾನಿಸಿ, ಅವಳು ನಿಜ ಹೇಳಿದರೂ ನಂಬದೆ, ಹಿಂದಕ್ಕೆ ಕೊಟ್ಟು ಬಾ ಎಂದು ಹಟಹಿಡಿದ. ನಿನ್ನ ದಾನಧರ್ಮಗಳೆಲ್ಲ ಎಲ್ಲಿ ಹೋದವು ಎಂದು ಅವಳು ಕೇಳಿದ್ದು ನ್ಯಾಯವೇ. ದೂರದ ಗಬಾಯೇಲನಿಂದ ಪತ್ರ ಪಡೆದುದು ವಿವೇಕ. ತನಗಾಗಿ ದುಡಿದು ದಣಿದವಳನ್ನು ಒಂದು ಸದ್ದಿನ ಆಧಾರದ ಮೇಲೆ ಕಳ್ಳಿಯೆಂದುದು ಅನ್ಯಾಯ. ಒಮ್ಮೆ ಮೋಸಹೋದವರು ಈ ಹಳ್ಳಕ್ಕೆ ಬಹುಬೇಗ ಬೀಳುತ್ತಾರೆ. ಒಬ್ಬನು ಕದ್ದನೆಂದು ಊರನ್ನೆಲ್ಲ ಅನುಮಾನಿಸುತ್ತಾರೆ, ಕೊನೆಗೆ ಮನೆಯವರನ್ನೂ.

ತಪ್ಪು ನಿಜವೆಂದು ತಿಳಿದಾಗ ಏನು ಮಾಡಬೇಕೆಂಬುದಕ್ಕೆ ಸಂತ ಮತ್ತಾಯರ ಹದಿನೆಂಟನೆಯ ಅಧ್ಯಾಯದಲ್ಲಿ ಪ್ರಭುವೇ ಒಂದು ಕ್ರಮವನ್ನು ಕೊಟ್ಟಿದ್ದಾನೆ: ಮೊದಲು ಅವನೊಬ್ಬನೊಡನೆ ಏಕಾಂತದಲ್ಲಿ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳೊಡನೆ, ಕಡೆಗೆ ಧರ್ಮಸಭೆಯ ಮುಂದೆ. ನಮ್ಮಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ಬೀದಿಗೆ, ಆಮೇಲೆ ವಿಚಾರಣಾ ಗುರುವಿಗೆ, ಕಟ್ಟಕಡೆಗೆ ಸಂಬಂಧಪಟ್ಟವನಿಗೆ; ಅಷ್ಟರಲ್ಲಿ ಅವನ ಹೆಂಡತಿ ಮಕ್ಕಳು ತಲೆಯೆತ್ತಿ ದೇವಾಲಯಕ್ಕೆ ಬರುವಂತಿರುವುದಿಲ್ಲ. ಇನ್ನೊಬ್ಬರ ದೋಷವು ನಿಜವೇ ಆಗಿದ್ದರೂ ಅದನ್ನು ತಕ್ಕ ಕಾರಣವಿಲ್ಲದೆ ಹರಡುವುದು ಪಾಪವೆಂದು ಧರ್ಮಸಭೆ ಬೋಧಿಸುತ್ತದೆ. ತಕ್ಕ ಕಾರಣ ಇಲ್ಲದಿಲ್ಲ. ಅದೇ ಮನುಷ್ಯನ ಚೀಟಿಗೆ ನೆರೆಮನೆಯ ವಿಧವೆ ತನ್ನ ಉಳಿತಾಯವನ್ನು ಕಟ್ಟಲು ಹೊರಟಿದ್ದರೆ, ನಮಗೆ ಆದುದನ್ನು ಆಕೆಗೆ ತಿಳಿಸುವುದು ಕರ್ತವ್ಯ. ಆಕೆಗೆ ಮಾತ್ರ, ನಲ್ಲಿಯ ಬಳಿ ನಿಂತವರಿಗೆಲ್ಲ ಅಲ್ಲ.

ಗಬಾಯೇಲನ ಕತೆ ಮುಗಿಯಲಿಲ್ಲ. ರಫಾಯೇಲನು ನಾಲ್ವರು ಆಳುಗಳನ್ನೂ ಎರಡು ಒಂಟೆಗಳನ್ನೂ ಕರೆದುಕೊಂಡು ಅವನ ಮನೆಗೆ ಹೋಗಿ ಆ ಹಳೆಯ ಪತ್ರವನ್ನು ಕೈಗಿತ್ತ. ಗಬಾಯೇಲನು ಮುದ್ರೆ ಒಡೆಯದ ಚೀಲಗಳನ್ನು ಎಣಿಸಿ ಒಪ್ಪಿಸಿದ. ಮರುದಿನ ಮುಂಜಾನೆಯೇ ಎದ್ದು, ತೋಬಿತನ ಮಗನ ಮದುವೆಯ ಔತಣಕ್ಕೆ ತಾನೂ ಹೊರಟುಬಂದ.