ಬಿರಡೆ ಮತ್ತು ಮಣಿ

ತಂಬೂರಿಯನ್ನು ಶ್ರುತಿಗೊಳಿಸುವುದನ್ನು ನೀವು ನೋಡಿರಬಹುದು. ಗಾಯಕರು ಮೊದಲು ಬಿರಡೆಯನ್ನು ತಿರುಗಿಸಿ ತಂತಿಯನ್ನು ಸ್ವರದ ಸಮೀಪಕ್ಕೆ ತರುತ್ತಾರೆ. ಅನಂತರ ಕುದುರೆಯ ಕೆಳಗೆ ತಂತಿಗೆ ಪೋಣಿಸಿದ ಪುಟ್ಟ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಬಿರಡೆಯಿಂದಾಗದ ಕೆಲಸ ಮಣಿಯಿಂದ ಆಗುತ್ತದೆ. ಕಂಪ್ಯೂಟರಿನ ಕೀಲಿಮಣೆಯಲ್ಲಿಯೂ ಇಂಥದೊಂದು ಮಣಿ ಉಂಟೆಂಬುದನ್ನು ನಾನು ಅರಿತುದು ಈಚೆಗೆ; ಅದೂ ಮನೆಯ ಒಂದು ಕಷ್ಟದ ನಡುವೆ.

ನನ್ನ ಪತ್ನಿ ಕೆಲವು ತಿಂಗಳಿಂದ ಅಸ್ವಸ್ಥಳು. ಪಕ್ಕದ ಕೋಣೆಯಲ್ಲಿ ಮಲಗುವ ಆಕೆಯ ನಿದ್ರೆ ಬಲು ಹಗುರ. ನನಗೋ ಈ ವಯಸ್ಸಿನಲ್ಲಿ ನಿದ್ರೆಯೆಂಬುದೇ ಅಪರೂಪ. ರಾತ್ರಿ ಕಂಪ್ಯೂಟರಿನ ಮುಂದೆ ಕುಳಿತು ಕುಮಾರವ್ಯಾಸಭಾರತದ ಗಮಕವಾಚನದ ಹಳೆಯ ಧ್ವನಿಮುದ್ರಣಗಳನ್ನು ಕೇಳುವುದು ನನ್ನ ರೂಢಿ. ಹೆಡ್‌ಫೋನ್ ಧರಿಸಬಾರದೆ ಎಂದು ನೀವು ಕೇಳಬಹುದು. ಧರಿಸಿದರೆ ಆಕೆ ಕರೆದುದು ಕೇಳಿಸದು. ಆದುದರಿಂದ ಧ್ವನಿಯ ಮಟ್ಟವನ್ನು ಕೀಲಿಯಿಂದಲೇ ಹೊಂದಿಸಬೇಕು. ಕೀಲಿಯನ್ನು ಒಮ್ಮೆ ಒತ್ತಿ ತಗ್ಗಿಸಿದರೆ ಪದಗಳು ಮುಳುಗಿಹೋಗುತ್ತಿದ್ದವು. ಒಮ್ಮೆ ಒತ್ತಿ ಏರಿಸಿದರೆ ಮನೆಯೆಲ್ಲ ತುಂಬುತ್ತಿದ್ದವು. ಒಂದು ರಾತ್ರಿ ಹೀಗೆ ಏರಿಸಿಕೊಂಡು ಕುಳಿತಿದ್ದೆ. ಆಕೆ ನೀರಿಗಾಗಿ ಎರಡು ಬಾರಿ ಕರೆದಿದ್ದಳಂತೆ, ನನಗೆ ಕೇಳಿಸಲಿಲ್ಲ. ಮೂರನೆಯ ಬಾರಿ ಕರೆಯದೆ ತಾನೇ ಗೋಡೆ ಹಿಡಿದು ಎದ್ದು ಬಂದಳು. ಆಕೆ ಏನೂ ಅನ್ನಲಿಲ್ಲ. ಅನ್ನದಿದ್ದುದೇ ನನ್ನನ್ನು ನೋಯಿಸಿತು.

ಒಂದೇ ಒಂದು ಒತ್ತಿಗೆ ಇಷ್ಟು ಅಂತರವೇಕೆ? ಆಪಲ್ ಸಂಸ್ಥೆಯ ಮ್ಯಾಕ್ ಕಂಪ್ಯೂಟರು ಧ್ವನಿಯನ್ನು 16 ಮೆಟ್ಟಿಲುಗಳಾಗಿ ವಿಭಾಗಿಸಿದೆ. ವಿಂಡೋಸ್ ವ್ಯವಸ್ಥೆಯಲ್ಲಿ 100 ಅಂಶಗಳ ಅಳತೆಯಿದ್ದು, ಕೀಲಿಯ ಪ್ರತಿ ಒತ್ತಿಗೂ ಅದು ಎರಡೆರಡು ಅಂಶ ಸರಿಯುತ್ತದೆ. ಆದರೆ ನಮ್ಮ ಕಿವಿ ಎಣಿಸುವ ರೀತಿಯೇ ಬೇರೆ. ಸೇರು ಅಕ್ಕಿಗೆ ಒಂದು ಹಿಡಿ ಕೂಡಿಸಿದರೆ ಕೈಗೆ ತಿಳಿಯುತ್ತದೆ. ಮೂಟೆಗೆ ಕೂಡಿಸಿದರೆ ತಿಳಿಯುವುದಿಲ್ಲ. ಜರ್ಮನಿಯ ವೇಬರ್ ಎಂಬ ವಿದ್ವಾಂಸರು ಗುರುತಿಸಿದ ಈ ನಿಯಮವನ್ನು ಫೆಕ್ನರ್ ಅವರು 1860ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತರಿಸಿದರು. ನಮ್ಮ ಇಂದ್ರಿಯಗಳು ಗ್ರಹಿಸುವುದು ವ್ಯತ್ಯಾಸವನ್ನಲ್ಲ, ಪ್ರಮಾಣವನ್ನು. ಶಬ್ದದ ಶಕ್ತಿ ಹತ್ತುಪಟ್ಟಾದಾಗ ಡೆಸಿಬೆಲ್ ಅಳತೆ 10 ಮಾತ್ರ ಏರುತ್ತದೆ. ಕಿವಿಗೆ ಅದು ಸುಮಾರು ಇಮ್ಮಡಿಯೆಂದು ತೋರುತ್ತದೆ. ಹಳೆಯ ರೇಡಿಯೋಗಳಲ್ಲಿ ಧ್ವನಿಯ ಗುಂಡಿಯೊಳಗಿನ ರೋಧಕವನ್ನು ಸಾಮಾನ್ಯವಾಗಿ ಕಿವಿಯ ಈ ಸ್ವಭಾವಕ್ಕೆ ಹೊಂದುವಂತೆಯೇ ಮಾಡುತ್ತಿದ್ದರು. ಅಲ್ಲಿ ಮೆಟ್ಟಿಲುಗಳೂ ಇರಲಿಲ್ಲ. ಬೆರಳು ಎಲ್ಲಿ ನಿಂತರೆ ಧ್ವನಿಯೂ ಅಲ್ಲಿಯೇ ನಿಲ್ಲುತ್ತಿತ್ತು. ಕೀಲಿಮಣೆಯಲ್ಲಿ ಆ ಸೌಲಭ್ಯವಿಲ್ಲ. ಹಗಲಿನ ಗದ್ದಲದಲ್ಲಿ ಹತ್ತನೆಯ ಮೆಟ್ಟಿಲಿನಿಂದ ಹನ್ನೊಂದಕ್ಕೆ ಏರಿದುದು ಗಮನಕ್ಕೇ ಬಾರದು. ನಟ್ಟಿರುಳಿನಲ್ಲಿ ಮೂರರಿಂದ ನಾಲ್ಕಕ್ಕೆ ಏರಿದರೆ ಹೊಸ್ತಿಲನ್ನೇ ದಾಟಿದಂತಾಗುತ್ತದೆ.

ರಜೆಗೆ ಬಂದಿದ್ದ ಮೊಮ್ಮಗಳು ನನ್ನ ಪರದಾಟವನ್ನು ಕಂಡು ನಕ್ಕಳು. “ತಾತ, ಆಪ್ಷನ್, ಶಿಫ್ಟ್ ಎರಡನ್ನೂ ಒತ್ತಿ ಹಿಡಿದುಕೊಂಡು ಆಮೇಲೆ ಧ್ವನಿಯ ಕೀಲಿ ಒತ್ತಿ” ಎಂದಳು. ಒತ್ತಿದೆ. ಮೆಟ್ಟಿಲು ಕಾಲುಭಾಗ ಮಾತ್ರ ಏರಿತು! ಹೀಗೆ ಮ್ಯಾಕ್‌ನ ಹದಿನಾರು ಮೆಟ್ಟಿಲುಗಳು 64 ಆಗುತ್ತವೆ. ವಿಂಡೋಸ್ ಬಳಸುವವರು ಪರದೆಯ ಮೂಲೆಯಲ್ಲಿರುವ ಧ್ವನಿಯ ಚಿಹ್ನೆಯನ್ನು ತೆರೆದು, ಅಲ್ಲಿ ಕಾಣುವ ಧ್ವನಿಯ ಪಟ್ಟಿಯನ್ನು ಬಾಣದ ಕೀಲಿಗಳಿಂದ ಸರಿಸಿದರೆ ಒಂದೊಂದೇ ಅಂಶದಷ್ಟು ಹೊಂದಿಸಿಕೊಳ್ಳಬಹುದು.

ಮೂರು ಮೆಟ್ಟಿಲು, ಅದರ ಮೇಲೆ ಎರಡು ಕಾಲು: ಇದು ನಮ್ಮ ಮನೆಯ ಇರುಳಿನ ಶ್ರುತಿ. ಆ ಮಟ್ಟದಲ್ಲಿ ಗಮಕಿಯ ಪ್ರತಿ ಅಕ್ಷರವೂ ನನ್ನನ್ನು ಮುಟ್ಟುತ್ತದೆ, ಪಕ್ಕದ ಕೋಣೆಯ ಮಗ್ಗುಲು ಬದಲಿಸುವ ಸದ್ದೂ ಮುಟ್ಟುತ್ತದೆ. ನಿಮ್ಮ ಮನೆಗೆ ಈ ಲೆಕ್ಕ ಹೊಂದಲಾರದು. ನಿಮ್ಮ ಕಿವಿಯನ್ನೂ ನಿಮ್ಮ ಗೋಡೆಗಳನ್ನೂ ಕೇಳಿಯೇ ಅದನ್ನು ಕಂಡುಕೊಳ್ಳಬೇಕು.

ಮೊನ್ನೆ ರಾತ್ರಿ ವಾಚನ ರಸವತ್ತಾಗಿ ಸಾಗಿತ್ತು. ಆಕೆ ಕರೆದಳು. ಮೊದಲ ಕರೆಗೇ ಓಗೊಟ್ಟೆ.