ಕೋಳಿ ಕೂಗದ ಊರು, ಮಿಷನ್ ನಿಲ್ಲದ ಓಣಿ

ಮೊದಲು ಒಂದು ಸದ್ದು ಕೇಳಿಸ್ತೀನಿ. ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ.

ಕೇಳಿಸ್ತಾ? ಗುಂಯ್ ಅಂತ ಒಂದೇ ಸಮನೆ ಬರ್ತಿದೆ, ನಡುನಡುವೆ ಟರ್ರ್ ಅಂತ ಒಂದು ಓಟ. ಇದು ರಾಯದುರ್ಗದ ನಮ್ಮ ಓಣಿ, ಬೆಳಿಗ್ಗೆ ಏಳು ಗಂಟೆ. ನಮ್ಮಜ್ಜಿ ಮನೆ ಗೋಡೆಯ ಆ ಕಡೆ ಜೀನ್ಸ್ ಪ್ಯಾಂಟ್ ಹೊಲಿಯೋ ಐದು ಮಿಷನ್ ಇವೆ. ನಮ್ಮೂರಲ್ಲಿ ಇದೇನೂ ವಿಶೇಷ ಅಲ್ಲ. ಬಳ್ಳಾರಿಯ ಜೀನ್ಸ್ ದಂಧೆ ಗಡಿ ದಾಟಿ ನಮ್ಮ ಪಡಸಾಲೆಗಳಿಗೆ ಬಂದು ಕೂತು ಎಷ್ಟೋ ವರ್ಷ ಆಯ್ತು. ಈ ಸದ್ದನ್ನ ನನ್ನ ಸಿನಿಮಾದಿಂದ ತೆಗೆದುಹಾಕೋಕೆ ನಾನು ಮೂರು ದಿನ ಒದ್ದಾಡಿದೆ. ಇವತ್ತಿನ ಮಾತು ಆ ಮೂರು ದಿನದ್ದು.

ಬಳ್ಳಾರಿಯಲ್ಲಿ ಪತ್ರಿಕೋದ್ಯಮ ಓದ್ತಿದ್ದೆ. ಕ್ಲಾಸಿಗೆ ಐದು ನಿಮಿಷದ ಒಂದು ಕಿರುಚಿತ್ರ ಮಾಡಬೇಕಿತ್ತು. ವಿಷಯ ನಮ್ಮಿಷ್ಟ. ಅದೇ ಹೊತ್ತಿಗೆ ಎಲ್ಲರ ಬಾಯಲ್ಲೂ 'ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು' ಸಿನಿಮಾದ ಹೆಸರು. ಚಿದಾನಂದ ನಾಯ್ಕ್ ಅವರು ಪುಣೆಯ ಎಫ್‌ಟಿಐಐನಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ 16 ನಿಮಿಷದ ಕನ್ನಡ ಚಿತ್ರ. 2024ರ ಮೇ 23ಕ್ಕೆ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಬಂತು. ಸುದ್ದಿ ನಿಮಗೆ ಗೊತ್ತೇ ಇದೆ, ಹುಡುಕಿದ್ರೆ ಸಿಗುತ್ತೆ, ಅದನ್ನ ಬೆಳೆಸಲ್ಲ. ಒಂದು ಲೆಕ್ಕ ಮಾತ್ರ ನೆನಪಿಟ್ಕೊಳ್ಳಿ: ಜಗತ್ತಿನ 555 ಸಿನಿಮಾ ಶಾಲೆಗಳಿಂದ 2,263 ಚಿತ್ರ ಬಂದಿದ್ವು. ಆರಿಸಿದ್ದು 18. ಆ ಹದಿನೆಂಟರಲ್ಲಿ ಮೊದಲನೇದು, ನಮ್ಮಜ್ಜಿ ನನಗೆ ಅನ್ನ ಕಲಸಿ ಕೊಡುವಾಗ ಹೇಳ್ತಿದ್ದ ಕಥೆಯ ಸೋದರ ಸಂಬಂಧಿ.

ಕಥೆ ಗೊತ್ತಲ್ಲ? ಒಂದೂರಲ್ಲಿ ಒಬ್ಬ ಮುದುಕಿ. ಅವಳ ಹತ್ರ ಒಂದು ಹುಂಜ. ಹುಂಜ ಕೂಗಿದ ಮೇಲೆ ಬೆಳಗಾಗೋದು, ಬೆಳಗಾದ ಮೇಲೆ ಊರವರು ಅವಳ ಒಲೆಯಿಂದ ಕೆಂಡ ಒಯ್ಯೋದು. ಒಂದಿನ ಊರವರ ಮೇಲೆ ಸಿಟ್ಟು ಬಂತು. "ನಾನಿಲ್ದೆ ಇವರಿಗೆ ಹೆಂಗೆ ಬೆಳಗಾಗ್ತೈತೆ ನೋಡೇ ಬಿಡ್ತೀನಿ" ಅಂತ ಹುಂಜವನ್ನ ಬಗಲಿಗೆ ಹಾಕ್ಕೊಂಡು ಕಾಡು ಸೇರಿದಳು. ಮಾರನೇ ದಿನ ಊರಿಗೆ ಎಂದಿನಂತೆ ಬೆಳಗಾಯ್ತು.

ಇದನ್ನ ಕೇಳಿದವರೆಲ್ಲ ಮುದುಕಿಯನ್ನ ನೋಡಿ ನಗಬೇಕು. ಕಥೆ ಹುಟ್ಟಿದ್ದೇ ಅದಕ್ಕೆ. ಮನೆಯಲ್ಲಿ ಯಾರಾದ್ರೂ ವಯಸ್ಸಾದವರು "ನಾನಿಲ್ದಿದ್ರೆ ಈ ಮನೆ ನಡೆಯಲ್ಲ" ಅಂದ್ರೆ ಸಾಕು, ಈ ಮುದುಕಿಯನ್ನ ಎಳೆದು ತಂದು ಅವರ ಬಾಯಿ ಮುಚ್ಚಿಸ್ತೀವಿ. ಆ ಚಿತ್ರ ಏನ್ ಮಾಡಿತು ನೋಡಿ. ಮುದುಕಿ ಹುಂಜ ತಗೊಂಡು ಹೋದಳು, ಊರಿಗೆ ಸೂರ್ಯನೇ ಬರಲಿಲ್ಲ. ಮುದುಕಿ ಹೇಳಿದ್ದು ನಿಜ ಅಂತ ಒಪ್ಪಿಕೊಂಡೇ ಕಥೆ ಶುರುವಾಗುತ್ತೆ. ಇಷ್ಟು ಓದಿದ ದಿನ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ನಾನೂ ನಮ್ಮಜ್ಜಿಯ ಮೇಲೆ ಚಿತ್ರ ಮಾಡ್ತೀನಿ ಅಂತ ಊರಿಗೆ ಹೊರಟೆ. ಮನಸ್ಸಲ್ಲಿ ಇದ್ದದ್ದು ಒಂದೇ ಚಿತ್ರ: ನಸುಕು, ಹೊಸ್ತಿಲು, ಮೊರದಲ್ಲಿ ಅಕ್ಕಿ ಆರಿಸೋ ಅಜ್ಜಿ, ಸುತ್ತ ಒಂದು ಸದ್ದಿಲ್ಲ. ಬೆರಳು ಅಕ್ಕಿಯಲ್ಲಿ ಆಡೋದಷ್ಟೇ ಕೇಳಬೇಕು.

ಮೊದಲ ದಿನ ಫೋನನ್ನ ಸ್ಟ್ಯಾಂಡಿಗೆ ಹಾಕಿ ಅಜ್ಜಿಯನ್ನ ಮಾತಾಡಿಸಿದೆ. ಹಾಕಿ ಕೇಳಿದ್ರೆ, ಅಜ್ಜಿ ಮಾತಾಡುವಾಗ ಮಿಷನ್ ಸದ್ದು ಹಿಂದೆ ಸರಿಯುತ್ತೆ, ಅಜ್ಜಿ ಉಸಿರು ತಗೊಳ್ಳೋಕೆ ನಿಲ್ಲಿಸಿದ ಕೂಡಲೇ ಸದ್ದು ಮೇಲೆದ್ದು ಬರುತ್ತೆ. ಅಲೆ ಬಂದಂಗೆ. ನನ್ನ ಫೋನು ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ. ಫೋನಿನ ಮೈಕು ತಾನೇ ತಾನಾಗಿ ಸದ್ದಿನ ಮಟ್ಟ ಹೊಂದಿಸುತ್ತೆ. ಜೋರಾಗಿ ಕೇಳಿದ್ರೆ ತಗ್ಗಿಸುತ್ತೆ, ಮೌನ ಇದ್ರೆ ಏನಾದ್ರೂ ಸಿಗಲಿ ಅಂತ ಏರಿಸುತ್ತೆ. ಏರಿಸಿದಾಗ ಅದಕ್ಕೆ ಸಿಕ್ಕಿದ್ದು ಪಕ್ಕದ ಮನೆಯ ಜೀನ್ಸು.

ಎರಡನೇ ದಿನ ಗೋಡೆಯಾಚೆ ಹೋಗಿ ಟೈಲರಣ್ಣನನ್ನ ಕೇಳಿದೆ. "ಅಣ್ಣಾ, ಒಂದ್ ಹತ್ತು ನಿಮಿಷ ನಿಲ್ಲಿಸ್ತೀರಾ?" ಪಾಪ, ಕೂಡಲೇ ಪೆಡಲಿಂದ ಕಾಲು ತೆಗೆದ. ಉಳಿದವರೂ ತೆಗೆದರು. ಓಡಿ ಬಂದು ರೆಕಾರ್ಡ್ ಒತ್ತಿದೆ. ಟರ್ರ್ ನಿಂತಿದೆ, ಗುಂಯ್ ಹಾಗೇ ಇದೆ! ಮತ್ತೆ ಹೋದೆ. "ನಿಲ್ಲಿಸೀನಲ್ಲವ್ವಾ" ಅಂದ. ಆಮೇಲೆ ನನ್ನನ್ನ ಕೆಳಗೆ ಕೂರಿಸಿ ಟೇಬಲ್ಲಿನ ಅಡಿ ತೋರಿಸಿದ. ಅಲ್ಲಿ ಒಂದು ದಪ್ಪ ಮೋಟರು, ಮೈಮೇಲೆಲ್ಲ ನೀಲಿ ನೂಲಿನ ಧೂಳು. ಇದು ಕ್ಲಚ್ ಮೋಟರು. ಸ್ವಿಚ್ ಹಾಕಿದ ಕ್ಷಣದಿಂದ ತಿರುಗ್ತಾನೇ ಇರುತ್ತೆ. ಪೆಡಲ್ ಒತ್ತಿದಾಗ ಆ ತಿರುಗುವಿಕೆ ಬೆಲ್ಟಿಗೆ ಹತ್ತಿ ಸೂಜಿ ಓಡುತ್ತೆ ಅಷ್ಟೇ. ಕಾಲು ತೆಗೆದ್ರೆ ಸೂಜಿ ನಿಲ್ಲುತ್ತೆ, ಮೋಟರು ನಿಲ್ಲಲ್ಲ. ಹುಟ್ಟಿದಾಗಿನಿಂದ ಆ ಸದ್ದಿನ ಪಕ್ಕದಲ್ಲೇ ಬೆಳೆದಿದ್ದೀನಿ, ಅದು ಹೊಲಿಗೆಯ ಸದ್ದು ಅಂತಲೇ ತಿಳಿದಿದ್ದೆ. ಅಲ್ಲ. ಅದು ಹೊಲಿಗೆಗೆ ಕಾಯೋ ಸದ್ದು.

"ಹಂಗಾರೆ ಸ್ವಿಚ್ಚೇ ತೆಗೀಬೇಕು" ಅಂದ. ಪೀಸಿನ ಲೆಕ್ಕದಲ್ಲಿ ದುಡಿಯೋ ಮನುಷ್ಯ, ಹತ್ತು ನಿಮಿಷ ಅಂದ್ರೆ ಅವನಿಗೆ ಕೂಲಿ. ಆದ್ರೂ ಮೂರನೇ ದಿನ ಬೆಳಿಗ್ಗೆ ಐದೂ ಸ್ವಿಚ್ ತೆಗೆದ. ಮೋಟರು ಒಂದೇ ಸಲಕ್ಕೆ ನಿಲ್ಲಲ್ಲ. ಊಂ ಅಂತ ನಿಧಾನಕ್ಕೆ ಇಳೀತಾ ಇಳೀತಾ ಹೋಗಿ ಸುಮ್ಮನಾಗುತ್ತೆ.

ಅಕ್ಕಿಯ ಸದ್ದು ಕೇಳಿಸ್ತು. ನಾನು ಬೇಡಿಕೊಂಡಿದ್ದ ಸದ್ದು. ಎರಡು ಸಲ, ಮೂರು ಸಲ. ಆಮೇಲೆ ಅಜ್ಜಿಯ ಕೈ ನಿಂತುಹೋಯ್ತು. ಮೊರ ಕೆಳಗಿಟ್ಟಳು, ಹೊಸ್ತಿಲು ದಾಟಿದಳು.

"ಯಾಕ ನಿಂತ್ವು? ಮತ್ತೆ ಬಂದ್ ಮಾಡಿದ್ರಾ?"

ಬಂದ್ ಅಂದ್ರೆ 2020ರ ಬಂದ್. ಮಾರ್ಚ್ 25ರಿಂದ ಶುರುವಾದದ್ದು. ಆಗ ನಮ್ಮ ಓಣಿಯಲ್ಲಿ ಒಂದು ಮಿಷನ್ನೂ ಓಡಲಿಲ್ಲ. ನಾನು ಬಳ್ಳಾರಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದೆ, ಊರಿನ ಆ ದಿನಗಳನ್ನ ನೋಡಲಿಲ್ಲ, ಅಜ್ಜಿ ಯಾವತ್ತೂ ಹೇಳಿಯೂ ಇರಲಿಲ್ಲ. ಅವತ್ತು ಬಾಗಿಲಲ್ಲಿ ನಿಂತು ಹೇಳಿದಳು. ಹಗಲಲ್ಲೇ ಗುಬ್ಬಿ ಸದ್ದು ಕೇಳ್ತಿತ್ತಂತೆ. ರಾತ್ರಿ ಪಕ್ಕದ ಮನೆಯ ಮಕ್ಕಳು ಅಳೋದು ಗೋಡೆ ದಾಟಿ ಬರ್ತಿತ್ತಂತೆ. "ಮಿಷನ್ ಸದ್ದು ಐತೆ ಅಂದ್ರೆ ಓಣಿಗೆ ಅನ್ನ ಐತೆ. ಅದು ನಿಂತ್ರೆ ನಂಗೆ ಬೆಳಗಾಗಲ್ಲವ್ವಾ."

ಫೋನು ಓಡ್ತಾನೇ ಇತ್ತು. ಆ ಶಾಟಲ್ಲಿ ಫೋಕಸ್ ಇಲ್ಲ, ಬೆಳಕು ಅಜ್ಜಿಯ ಬೆನ್ನ ಹಿಂದೆ, ಮುಖ ಪೂರ್ತಿ ಕಪ್ಪು. ಅರ್ಧದಿಂದ ಅಜ್ಜಿ ಚೌಕಟ್ಟಿನಲ್ಲೇ ಇಲ್ಲ, ಖಾಲಿ ಮೊರ ಮಾತ್ರ ಇದೆ. ನನ್ನ ಚಿತ್ರದಲ್ಲಿ ಉಳಿದದ್ದು ಅದೇ. ಮೂರು ದಿನ ನಾನು ಆ ಊರಿನ ಹುಂಜವನ್ನ ಕದಿಯೋಕೆ ಹೊರಟಿದ್ದೆ ಅಂತ ಎಡಿಟ್ ಮಾಡುವಾಗ ಹೊಳೀತು.

ಇಲ್ಲಿ ಒಂದು ತಿದ್ದುಪಡಿ. ಮೇಲೆ ಹೇಳುವಾಗ ಅಜ್ಜಿ ಕಥೆಯನ್ನೂ ಆ ಸಿನಿಮಾವನ್ನೂ ಒಂದೇ ಉಸಿರಲ್ಲಿ ಹೇಳಿಬಿಟ್ಟೆ. ನಮ್ಮಜ್ಜಿ ಕಥೆಯಲ್ಲಿ ಹುಂಜ ಮುದುಕಿಯದೇ. ಸಿನಿಮಾದಲ್ಲಿ ಅವಳು ಊರಿನ ಹುಂಜವನ್ನ ಕದ್ದು ಒಯ್ಯುತ್ತಾಳೆ, ಅದನ್ನ ವಾಪಸ್ ತರಿಸೋಕೆ ಭವಿಷ್ಯವಾಣಿಯ ಮೊರೆ ಹೋಗ್ತಾರೆ, ಅವಳ ಮನೆಯವರು ಊರು ಬಿಡಬೇಕಾಗುತ್ತೆ. ಚಿಕ್ಕಂದಿನಿಂದ ಕೇಳಿ ಬೆಳೆದ ಕನ್ನಡದ ಜನಪದ ಕಥೆಯೇ ಇದಕ್ಕೆ ಮೂಲ ಅಂತ ನಾಯ್ಕ್ ಅವರೇ ಹೇಳಿದ್ದಾರೆ. ಒಂದೊಂದು ಊರಲ್ಲಿ ಒಂದೊಂದು ಥರ ಹೇಳೋ ಕಥೆ ಇದು, ನಾನು ಹೇಳಿದ್ದು ನಮ್ಮನೆಯದು.

ಈಗ ಜಗಳದ ವಿಷಯ. ಆ ಬಹುಮಾನ ಬಂದ ಮೇಲೆ ಒಂದು ಮಾತು ಎಲ್ಲ ಕಡೆ ಓಡಾಡ್ತು. ನಾಲ್ಕೇ ದಿನದಲ್ಲಿ ತೆಗೆದ ಸಿನಿಮಾ, ಕಾನ್‌ನಲ್ಲಿ ಗೆದ್ದಿದೆ, ನಿಮ್ಮ ಕೈಲಿ ಫೋನಿದೆ, ಇನ್ನೇನು ಬೇಕು, ಹೋಗಿ ತೆಗೀರಿ. ನನ್ನ ಕ್ಲಾಸಿನ ಅರ್ಧ ಜನ ಇದನ್ನ ನಂಬಿಕೊಂಡೇ ಹೊರಟರು. ನಾನೂ. ಈ ಮಾತು ಸಣ್ಣ ಊರಿನ ಹುಡುಗ ಹುಡುಗಿಯರಿಗೆ ಧೈರ್ಯ ಕೊಡುತ್ತೆ ಅಂತಾರೆ. ನನಗೆ ಕಂಡ ಹಾಗೆ ಇದು ಅನ್ಯಾಯದ ಮಾತು.

ನಾಲ್ಕು ದಿನ ಹಿಡಿದದ್ದು ಚಿತ್ರೀಕರಣ ಮಾತ್ರ. ಅದು ಎಫ್‌ಟಿಐಐನ ಟಿವಿ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಯ ಪಾಠ. ನಾಲ್ಕು ವಿಭಾಗದ ನಾಲ್ಕು ವಿದ್ಯಾರ್ಥಿಗಳು ಸೇರಿ ಮಾಡೋದು. ನಿರ್ದೇಶನ ಚಿದಾನಂದ ನಾಯ್ಕ್, ಕ್ಯಾಮೆರಾ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಶಬ್ದ ಅಭಿಷೇಕ್ ಕದಂ. ನಾಲ್ಕು ಜನ ತಲಾ ಒಂದು ವರ್ಷ ಒಂದೊಂದೇ ವಿದ್ಯೆ ಕಲಿತು ಒಟ್ಟಿಗೆ ಬಂದಿದ್ದಾರೆ. ನಿರ್ದೇಶಕರು ಅದಕ್ಕೂ ಮೊದಲು ಮೈಸೂರಲ್ಲಿ ಎಂಬಿಬಿಎಸ್ ಮುಗಿಸಿ ಡಾಕ್ಟರ್ ಆದವರು. ಕಥೆ ಬಾಲ್ಯದಿಂದ ಜೊತೆಗಿದ್ದದ್ದು. ಇಷ್ಟೆಲ್ಲ ಹಿಂದಿಟ್ಟುಕೊಂಡು ಬಂದ ನಾಲ್ಕು ದಿನವನ್ನ, ನಮ್ಮ ನಾಲ್ಕು ದಿನಕ್ಕೆ ಹೋಲಿಸಬಾರದು. ನಮ್ಮ ಕ್ಲಾಸಲ್ಲಿ ನಿರ್ದೇಶನ, ಕ್ಯಾಮೆರಾ, ಶಬ್ದ, ಸಂಕಲನ ಎಲ್ಲ ಒಬ್ಬರದೇ ತಲೆ ಮೇಲೆ. ಅದರಲ್ಲಿ ಶಬ್ದವನ್ನ ಯಾರೂ ಕಲಿಸಿರಲ್ಲ. ಫೋನಿದ್ರೆ ಸಾಕು ಅಂತ ಕಳಿಸಿದ್ರೆ ಸೋತು ಬಂದ ಹುಡುಗಿ ತನಗೇ ಪ್ರತಿಭೆ ಇಲ್ಲ ಅಂದುಕೊಳ್ತಾಳೆ. ಅವಳಿಗೆ ಬೇಕಾಗಿದ್ದದ್ದು ಮೈಕು ಹಿಡಿಯೋ ಒಬ್ಬ ಗೆಳತಿ. ಇದನ್ನ ಇಷ್ಟು ಉದ್ದ ಹೇಳ್ತಿರೋದು ಯಾಕಂದ್ರೆ, ನನ್ನ ಜೊತೆ ಓದಿದ ಇಬ್ಬರು ಆ ಒಂದು ಚಿತ್ರದ ನಂತರ ಕ್ಯಾಮೆರಾ ಮುಟ್ಟಿಲ್ಲ.

ಭಾಷೆಯ ಬಗ್ಗೆಯೂ ಹೇಳಬೇಕು. ಕ್ಲಾಸಲ್ಲಿ ಚಿತ್ರ ತೋರಿಸಿದಾಗ ಒಬ್ಬರು, ಅಜ್ಜಿಯ ಮಾತು ಸ್ಪಷ್ಟ ಇಲ್ಲ, ಶುದ್ಧ ಕನ್ನಡದಲ್ಲಿ ಬೇರೆಯವರಿಂದ ಡಬ್ ಮಾಡಿಸು ಅಂದರು. ನಮ್ಮಜ್ಜಿ ದುಡ್ಡು ಎಣಿಸೋದು ತೆಲುಗಿನಲ್ಲಿ, ದೇವರ ಹತ್ರ ಮಾತಾಡೋದು ಕನ್ನಡದಲ್ಲಿ, ಸಿಟ್ಟು ಬಂದ್ರೆ ಎರಡೂ. ರಾಯದುರ್ಗ ಮೊದಲು ಬಳ್ಳಾರಿ ಜಿಲ್ಲೆಯದೇ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಮನೆಗಳು ಇದ್ದಲ್ಲೇ ಇದ್ದವು, ಬಾಯೊಳಗಿನ ಮಾತೂ ಇದ್ದಲ್ಲೇ ಇದೆ. ಮಡಕಶಿರದ ಕಡೆಗೂ ಹೋಗಿ ನೋಡಿ, ಅಲ್ಲಿ ಹೇಮಾವತಿಯಲ್ಲಿ ನೊಳಂಬರ ಗುಡಿಗಳಿವೆ, ಕನ್ನಡ ಶಾಸನಗಳಿವೆ, ಅಂಗಡಿ ಮುಂದೆ ಇದೇ ಬೆರಕೆ ಮಾತು. ಅಜ್ಜಿಯ ಬಾಯಿಗೆ ಇನ್ನೊಬ್ಬರ ದನಿ ಕೂರಿಸಿದ್ರೆ "ನಂಗೆ ಬೆಳಗಾಗಲ್ಲವ್ವಾ" ಅನ್ನೋದು "ನನಗೆ ಬೆಳಗಾಗುವುದಿಲ್ಲ" ಆಗುತ್ತೆ. ಆ "ಅವ್ವಾ" ನಾನು. ಅದನ್ನ ಹೇಗೆ ತೆಗೀಲಿ? ಡಬ್ ಮಾಡಲಿಲ್ಲ. ಅಂಕ ಕಡಿಮೆ ಬಂತು.

'ತಿಥಿ' ಸಿನಿಮಾ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನಿರ್ದೇಶಕ ರಾಮ್ ರೆಡ್ಡಿ ಜೊತೆ ಅದರ ಕಥೆ ಬರೆದ ಈರೇಗೌಡರಿಗೆ ಮಂಡ್ಯದ ನೊದೆಕೊಪ್ಪಲು ಸ್ವಂತ ಊರಿನ ಹಾಗೆ. ನಟಿಸಿದವರು ಹಳ್ಳಿಯ ಜನ, ಆಡಿದ್ದು ಅವರದೇ ಮಾತು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು, ಅಲ್ಲಿನವರಿಗೆ ಮಂಡ್ಯ ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ. ರಾಮ್ ರೆಡ್ಡಿ ಅದಕ್ಕೂ ಮೊದಲು ಮಾಡಿದ ಕಿರುಚಿತ್ರ 'ಈಕ' ತೆಲುಗಿನದು. ಇನ್ನೂ ಹಿಂದೆ ಹೋದ್ರೆ ಗಿರೀಶ ಕಾಸರವಳ್ಳಿ. ಮಣಿಪಾಲದಲ್ಲಿ ಫಾರ್ಮಸಿ ಓದಿ, ಅದನ್ನ ಬಿಟ್ಟು ಅದೇ ಪುಣೆಗೆ ಹೋದವರು. ಅಲ್ಲಿ ವಿದ್ಯಾರ್ಥಿಯಾಗಿ ಮಾಡಿದ 'ಅವಶೇಷ್' ಚಿತ್ರಕ್ಕೆ ರಜತ ಕಮಲ ಬಂತು, 1977ರಲ್ಲಿ 'ಘಟಶ್ರಾದ್ಧ'. ಒಬ್ಬರು ಔಷಧ ಓದಿದವರು, ಇನ್ನೊಬ್ಬರು ಡಾಕ್ಟರು. ಇದರ ಮೇಲೆಯೇ ಒಂದು ಕಂತು ಮಾಡಬಹುದು, ಇವತ್ತು ಬೇಡ.

ಸಮಯ ಆಯ್ತು, ಕೆಲಸದ ಮಾತು ಬೇಗ ಹೇಳ್ತೀನಿ. ಮೈಕನ್ನ ಬಾಯಿಯ ಹತ್ರ ಒಯ್ಯಿರಿ. ದೂರ ಅರ್ಧ ಆದ್ರೆ ದನಿ ಆರು ಡೆಸಿಬಲ್ ಏರುತ್ತೆ, ಹಿಂದಿನ ಗದ್ದಲ ಇದ್ದಷ್ಟೇ ಇರುತ್ತೆ. ಸಾಧ್ಯ ಇದ್ರೆ ಫೋನಿನ ತಾನಾಗಿ ಹೊಂದಿಸೋ ಮಟ್ಟವನ್ನ ಆಫ್ ಮಾಡೋ ಆಪ್ ಬಳಸಿ. ಟ್ಯೂಬ್‌ಲೈಟ್ ಕೆಳಗೆ ತೆಗೆದ ವಿಡಿಯೋ ಮಿಣಮಿಣ ಅಂತಿದ್ರೆ ಸೆಕೆಂಡಿಗೆ 25 ಫ್ರೇಮ್, ಶಟರ್ ಐವತ್ತನೇ ಒಂದು ಭಾಗ ಇಡಿ, ನಮ್ಮ ಕರೆಂಟು 50 ಹರ್ಟ್ಜ್‌ನದು. ಪ್ರತಿ ಜಾಗದಲ್ಲೂ ಹೊರಡೋ ಮುಂಚೆ ಯಾರೂ ಮಾತಾಡದೆ ಒಂದು ನಿಮಿಷದ ಸದ್ದು ರೆಕಾರ್ಡ್ ಮಾಡ್ಕೊಳ್ಳಿ, ಎಡಿಟ್ ಮಾಡುವಾಗ ಮಾತಿನ ನಡುವಿನ ಸಂದು ತುಂಬೋಕೆ ಬೇಕು. ಶುರುವಿನಲ್ಲಿ ನಿಮಗೆ ಕೇಳಿಸಿದ್ದು ಅಂಥದ್ದೇ ಒಂದು ನಿಮಿಷ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಟೈಲರಣ್ಣ ಮೂರು ಮಿಷನ್ನಿಗೆ ಸರ್ವೋ ಮೋಟರ್ ಹಾಕಿಸಿದ್ದಾನೆ. ಅದು ಪೆಡಲ್ ಒತ್ತಿದಾಗ ಮಾತ್ರ ತಿರುಗೋದು, ಕರೆಂಟ್ ಬಿಲ್ ಇಳಿಯುತ್ತೆ. ಮೈಕು ಹಿಡ್ಕೊಂಡು ಬರೋ ಯಾರಿಗೂ ಇನ್ನು ಆ ಗುಂಯ್ ಅಷ್ಟು ಕಾಡಲ್ಲ. ಹಾಕಿಸಿದ ಮೊದಲ ವಾರ ಅಜ್ಜಿ ದಿನಕ್ಕೆ ನಾಲ್ಕೈದು ಸಲ ಹೊಸ್ತಿಲಿಗೆ ಬಂದು, ಮಿಷನ್ ನಿಂತ್ವಾ ಅಂತ ಗೋಡೆಯಾಚೆ ಕೂಗಿ ಕೇಳ್ತಿದ್ದಳಂತೆ. ಟೈಲರಣ್ಣ ಈಗ ಬೆಳಿಗ್ಗೆ ಕೂತ ಕೂಡಲೇ ಬಟ್ಟೆ ಇಡದೆ, ಸುಮ್ಮನೆ ಒಂದು ಸಲ ಪೆಡಲ್ ಒತ್ತುತ್ತಾನೆ, ಟರ್ರ್ ಅಂತ.