ಇಂಗ್ಲಿಷ್ ಶಿಕ್ಷಕರಾಗ ಹೊರಟವರ ಪೂರ್ವಸಿದ್ಧತೆ
(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಲಾದ ಉಪನ್ಯಾಸದ ಪಠ್ಯ)



ಪಂಚಾಯಿತಿಯ ಸಭೆಯಲ್ಲಿ ಪ್ರೌಢಶಾಲೆಯ ವಿಷಯ ಬಂದಾಗ ಕೊಠಡಿ, ಕಾಂಪೌಂಡು, ಶೌಚಾಲಯ, ಕುಡಿಯುವ ನೀರುಗಳ ಚರ್ಚೆಯೇ ಹೆಚ್ಚು. ಅದು ಸಹಜವೂ ಹೌದು. ಆದರೆ ಆ ಕೊಠಡಿಯಲ್ಲಿ ನಿಂತು ಪಾಠ ಹೇಳುವವರು ಹೇಗೆ ಸಿದ್ಧರಾಗುತ್ತಾರೆ ಎಂಬ ಪ್ರಶ್ನೆ ನಡವಳಿ ಪುಸ್ತಕದಲ್ಲಿ ಕಾಣಿಸುವುದು ಅಪರೂಪ. ಕನ್ನಡ ಮಾಧ್ಯಮದ ಮಗುವಿಗೆ ಎಸ್.ಎಸ್.ಎಲ್.ಸಿ.ಯಲ್ಲಿ ಭಯ ಹುಟ್ಟಿಸುವ ಪತ್ರಿಕೆಗಳಲ್ಲಿ ದ್ವಿತೀಯ ಭಾಷೆ ಇಂಗ್ಲಿಷೂ ಒಂದು. ಅದೇ ಭಯವನ್ನು ದಾಟಿ ಪದವಿ ಮುಗಿಸಿದ ಯುವಕ ಯುವತಿಯರು ಊರೂರಿನಲ್ಲಿದ್ದಾರೆ. ಅವರಲ್ಲಿ ಕೆಲವರು ಬಿ.ಇಡಿ. ಸೇರಿ ಇಂಗ್ಲಿಷ್ ಶಿಕ್ಷಕರಾಗಲು ಬಯಸುತ್ತಾರೆ. ಅರ್ಜಿ ಹಾಕಿದ ದಿನದಿಂದ ತರಗತಿ ಆರಂಭವಾಗುವವರೆಗಿನ ಅವಧಿ ಅವರ ಪಾಲಿಗೆ ಅಮೂಲ್ಯವಾದುದು. ಬಹುತೇಕ ಅದು ಜಾತಿ, ಆದಾಯ ಪ್ರಮಾಣಪತ್ರಗಳಿಗಾಗಿ ನಾಡಕಚೇರಿಗೆ ಅಲೆಯುವುದರಲ್ಲಿಯೇ ಕಳೆದುಹೋಗುತ್ತದೆ.

ಮೊದಲಿಗೆ ಒಂದು ಎಚ್ಚರಿಕೆ. ಪದವಿಯಲ್ಲಿ ಇಂಗ್ಲಿಷನ್ನು ಕಡ್ಡಾಯ ಭಾಷೆಯಾಗಿ ಓದುವುದು ಬೇರೆ, ಐಚ್ಛಿಕ ವಿಷಯವಾಗಿ ಓದುವುದು ಬೇರೆ. ಬೋಧನಾ ವಿಷಯ ಆರಿಸಿಕೊಳ್ಳುವಾಗಲೂ ಮುಂದೆ ನೇಮಕಾತಿಯ ಸಂದರ್ಭದಲ್ಲಿಯೂ ಈ ವ್ಯತ್ಯಾಸ ಎದುರಾಗುತ್ತದೆ. ಇದನ್ನರಿಯದೆ ಸೇರಿದವರಿಗೆ ಎರಡು ವರ್ಷಗಳ ಶ್ರಮವೂ ಮನೆಯವರು ಸಾಲ ಮಾಡಿ ತಂದ ಹಣವೂ ವ್ಯರ್ಥವಾಗಬಹುದು. ಅರ್ಜಿಗೆ ಮುನ್ನವೇ ಅಂಕಪಟ್ಟಿಗಳೊಡನೆ ಜಿಲ್ಲೆಯ ಡಯಟ್‌ಗೆ ಹೋಗಿ ವಿಚಾರಿಸುವಂತೆ ಸದಸ್ಯರು ತಿಳಿಸಿದರೆ ಅದೇ ದೊಡ್ಡ ಉಪಕಾರ.

2014ರ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ ನಿಯಮಾವಳಿಯ ನಂತರ ಬಿ.ಇಡಿ. ಎರಡು ವರ್ಷಗಳ ಕೋರ್ಸಾಗಿದೆ. ಶಾಲೆಗಳಲ್ಲಿ ಕಳೆಯಬೇಕಾದ ಅವಧಿ ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಶಿಕ್ಷಣ ಮನೋವಿಜ್ಞಾನ, ಬೋಧನಾ ವಿಧಾನ, ಪಾಠಯೋಜನೆ, ಮೌಲ್ಯಮಾಪನ ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಇಂಗ್ಲಿಷನ್ನು ಹೇಗೆ ಕಲಿಸಬೇಕೆಂದು ಹೇಳಿಕೊಡುತ್ತಾರೆಯೇ ಹೊರತು, ಪ್ರಶಿಕ್ಷಣಾರ್ಥಿಯ ಸ್ವಂತ ಇಂಗ್ಲಿಷನ್ನು ತಿದ್ದಿ ಬೆಳೆಸುವಷ್ಟು ಬಿಡುವು ಆ ಪಠ್ಯಕ್ರಮದಲ್ಲಿಲ್ಲ. ಅದು ಮೊದಲೇ ಇದೆಯೆಂದು ಕೋರ್ಸು ಭಾವಿಸುತ್ತದೆ. ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಂತಹ ಕಡೆಗಳಲ್ಲಿ ಸೇವಾನಿರತ ಶಿಕ್ಷಕರಿಗೆ ತರಬೇತಿ ದೊರೆಯುವುದು ನಿಜ. ಸೇವೆಗೆ ಸೇರುವುದಕ್ಕೂ ಮುನ್ನಿನ ಈ ಹಂತದಲ್ಲಿ ಊರೇ ಆಸರೆಯಾಗಬೇಕು.

ಸಿದ್ಧತೆಗೆ ದುಬಾರಿ ಕೋಚಿಂಗ್ ಬೇಕಿಲ್ಲ. 8, 9 ಮತ್ತು 10ನೆಯ ತರಗತಿಗಳ ಇಂಗ್ಲಿಷ್ ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಮುಂದೆ ಕಲಿಸಬೇಕಾದ ಆ ಪಾಠಗಳನ್ನು ದಿನಕ್ಕೊಂದರಂತೆ ಗಟ್ಟಿಯಾಗಿ ಓದಬೇಕು. ಮನಸ್ಸಿನಲ್ಲಿ ಓದಿಕೊಂಡರೆ ಸಾಲದು, ನಾಲಗೆ ಪಳಗಬೇಕು. ಮೊಬೈಲಿನಲ್ಲಿ ತಮ್ಮ ಓದನ್ನೇ ಮುದ್ರಿಸಿ ಕೇಳಿಕೊಂಡರೆ ತಪ್ಪು ತಾನಾಗಿ ಕಿವಿಗೆ ಬೀಳುತ್ತದೆ. ಅನಂತರ ಪುಸ್ತಕ ಮುಚ್ಚಿ ಪಾಠದ ಸಾರವನ್ನು ಐದಾರು ಸರಳ ವಾಕ್ಯಗಳಲ್ಲಿ ಹೇಳಬೇಕು, ಬರೆಯಬೇಕು.

ಇಲ್ಲಿ ಕನ್ನಡದ ಅರಿವು ಅಡ್ಡಿಯಲ್ಲ, ಬಂಡವಾಳ. ‘ಎಲೆ’ಯನ್ನು ‘ಯೆಲೆ’ ಎಂದೂ ‘ಒಂದು’ ಎಂಬುದನ್ನು ‘ವೊಂದು’ ಎಂದೂ ಉಚ್ಚರಿಸುವ ರೂಢಿಯಿಂದಲೇ ಮಗು ‘ಎಗ್’ ಅನ್ನು ‘ಯೆಗ್’ ಎನ್ನುತ್ತದೆ. ಬಸ್ಸು, ಬಲ್ಬು, ನೋಟು ಎಂದು ಕೊನೆಗೆ ಸ್ವರ ಸೇರಿಸುವುದೂ ಕನ್ನಡದ ಜಾಯಮಾನವೇ. ‘ಮೇಜಿನ ಮೇಲೆ’ ಎನ್ನುವಾಗ ಕನ್ನಡದಲ್ಲಿ ‘ಮೇಲೆ’ ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ‘ಆನ್’ ಮೊದಲು ಬರುತ್ತದೆ. ‘ಎ’, ‘ದ’ ಎಂಬ ಪುಟ್ಟ ಪದಗಳಿಗೆ ನೇರ ಸಮಾನಪದ ಕನ್ನಡದಲ್ಲಿಲ್ಲವಾದ್ದರಿಂದಲೇ ಮಕ್ಕಳು ಅವನ್ನು ಬಿಟ್ಟುಬಿಡುತ್ತಾರೆ. ತಪ್ಪಿನ ಮೂಲ ತಿಳಿದ ಶಿಕ್ಷಕಿ ಮಗುವನ್ನು ದಡ್ಡನೆಂದು ಗದರುವುದಿಲ್ಲ. ಬಿ.ಎಂ.ಶ್ರೀ., ಗೋಪಾಲಕೃಷ್ಣ ಅಡಿಗ, ಯು.ಆರ್. ಅನಂತಮೂರ್ತಿ ಇವರೆಲ್ಲ ಇಂಗ್ಲಿಷ್ ಅಧ್ಯಾಪಕರಾಗಿದ್ದವರೇ. ಕನ್ನಡವನ್ನು ಬಿಟ್ಟು ಇಂಗ್ಲಿಷ್ ಕಲಿಸಬೇಕೆಂಬ ಭಾವನೆಗೆ ಆಧಾರವೇ ಇಲ್ಲ.

ಇನ್ನು ಪಂಚಾಯಿತಿಯ ಪಾತ್ರ. ಅರಿವು ಕೇಂದ್ರದಲ್ಲಿ ಇಂಗ್ಲಿಷ್ ದಿನಪತ್ರಿಕೆಯೊಂದು, ಒಳ್ಳೆಯ ನಿಘಂಟೊಂದು ಇರಲಿ. ಸಂಜೆ ಒಂದು ಗಂಟೆ ಅಲ್ಲಿ ಗಟ್ಟಿಯಾಗಿ ಓದಲು, ಮಾತನಾಡಲು ಅವಕಾಶವಿರಲಿ. ಗ್ರಂಥಾಲಯವೆಂದರೆ ಮೌನವೇ ಎಂಬ ನಿಯಮವನ್ನು ಆ ಒಂದು ಗಂಟೆ ಸಡಿಲಿಸಿದರೆ ನಷ್ಟವಿಲ್ಲ. ಅಭ್ಯರ್ಥಿಯು ಪ್ರೌಢಶಾಲೆಯ ಹಿಂಬದಿಯ ಬೆಂಚಿನಲ್ಲಿ ಕೆಲವು ದಿನ ಕುಳಿತು ಇಂಗ್ಲಿಷ್ ತರಗತಿ ಗಮನಿಸಲು ಮುಖ್ಯೋಪಾಧ್ಯಾಯರ ಅನುಮತಿ ಬೇಕು. ಸದಸ್ಯರು ಎಸ್.ಡಿ.ಎಂ.ಸಿ.ಯ ಮೂಲಕ ಕೇಳಿದರೆ ಅದು ಸುಲಭ. ಹೆಣ್ಣುಮಕ್ಕಳ ವಿಷಯದಲ್ಲಿ ತೊಡಕು ಹೆಚ್ಚಾಗಿ ಇಂಗ್ಲಿಷಿನದಲ್ಲ, ಬಸ್ಸಿನದು. ಕಾಲೇಜಿನ ವೇಳೆಗೆ ಹೊಂದುವ ಬಸ್ಸಿಲ್ಲವೆಂದು ಸಿಕ್ಕ ಸೀಟನ್ನು ಬಿಡುವ ಸ್ಥಿತಿ ಬರಬಾರದು. ಆದ್ದರಿಂದ ಸೀಟು ಹಂಚಿಕೆಗೆ ಮುನ್ನವೇ, ಬಿ.ಇಡಿ. ಸೇರಲಿರುವ ಪದವೀಧರರ ಪಟ್ಟಿಯನ್ನು ವಾರ್ಡುವಾರು ತಯಾರಿಸಿ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು, ಬಸ್ಸಿನ ವೇಳೆಯ ಕುರಿತು ಸಾರಿಗೆ ಘಟಕಕ್ಕೆ ಪಂಚಾಯಿತಿಯ ನಿರ್ಣಯವನ್ನು ಕಳುಹಿಸುವುದು ಅಪೇಕ್ಷಣೀಯ.